ಸಿವಿಲ್ ಎಂಜಿನಿಯರಿಂಗ್: ಕಾಲೇಜಿನ ವರ್ಷಗಳಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದದ್ದು ಏನು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಗದೆ ಸಿವಿಲ್ ತೆಗೆದುಕೊಂಡೆ. ಈಗ ಮೂರನೇ ಸೆಮಿಸ್ಟರ್. ತಂದೆಯವರು ಗೌಂಡಿ ಕೆಲಸ ಮಾಡುತ್ತಾರೆ. ಸಿವಿಲ್ ಓದಿದವರಿಗೆ ಕೆಲಸ ಸಿಗುವುದಿಲ್ಲ, ಸಿಕ್ಕರೂ ತಿಂಗಳಿಗೆ ಹದಿನೈದು ಸಾವಿರದ ಮೇಲೆ ಬರುವುದಿಲ್ಲ ಎಂದು ಸಂಬಂಧಿಕರು ಹೇಳುತ್ತಾರೆ. ಸೀನಿಯರ್‌ಗಳು ಸಾಫ್ಟ್‌ವೇರ್ ಕೋರ್ಸ್‌ಗೆ ಸೇರು ಎನ್ನುತ್ತಾರೆ. ನಾನು ಈಗಿನಿಂದ ಏನು ಓದಬೇಕು? ಸರ್ಕಾರಿ ಪರೀಕ್ಷೆಗೆ ಸಿದ್ಧನಾಗಬೇಕೇ, ಖಾಸಗಿ ಕೆಲಸ ಹಿಡಿಯಬೇಕೇ, ಎಂ.ಟೆಕ್. ಮಾಡಬೇಕೇ?

ಉತ್ತರ: ನಿಮ್ಮ ಸಂಬಂಧಿಕರ ಮಾತನ್ನು ಸುಳ್ಳೆಂದು ತಳ್ಳಿಹಾಕಲಾರೆ. ಜಿಲ್ಲಾ ಕೇಂದ್ರಗಳಲ್ಲಿ ಸಣ್ಣ ಗುತ್ತಿಗೆದಾರರ ಬಳಿ ಸೇರುವ ಹೊಸ ಪದವೀಧರರಿಗೆ ಅಷ್ಟೇ ಸಂಬಳ ಕೊಡುವುದುಂಟು. ಅನುಭವಿ ಗೌಂಡಿಯ ದಿನಗೂಲಿಯನ್ನು ತಿಂಗಳಿಗೆ ಲೆಕ್ಕ ಹಾಕಿದರೆ ಅದು ಹೊಸ ಎಂಜಿನಿಯರರ ಸಂಬಳವನ್ನು ಮೀರುವುದನ್ನು ನೀವು ಮನೆಯಲ್ಲೇ ಕಂಡಿರಬಹುದು. ಆದರೆ ಇದಕ್ಕೆ ಕಾರಣವೇನೆಂದು ಸರಿಯಾಗಿ ತಿಳಿದುಕೊಳ್ಳಬೇಕು. ನಕ್ಷೆಯನ್ನು ತಾನಾಗಿ ಓದಲು ಬಾರದ, ಕಂಬಿಯ ಪಟ್ಟಿ ಮಾಡಲು ಬಾರದ, ಮುಗಿದ ಕೆಲಸದ ಅಳತೆ ಹಿಡಿದು ಬಿಲ್ ಬರೆಯಲು ಬಾರದ ಪದವೀಧರನನ್ನು ಗುತ್ತಿಗೆದಾರರು ಮೇಲ್ವಿಚಾರಣೆಗೆ ಇಟ್ಟುಕೊಳ್ಳುತ್ತಾರೆಯೇ ಹೊರತು ಎಂಜಿನಿಯರ್ ಕೆಲಸಕ್ಕಲ್ಲ, ಮತ್ತು ಸಂಬಳವನ್ನೂ ಅದೇ ಲೆಕ್ಕದಲ್ಲಿ ಕೊಡುತ್ತಾರೆ. ಆದ್ದರಿಂದ ಸರ್ಕಾರಿಯೋ ಖಾಸಗಿಯೋ ಎಂಬ ಪ್ರಶ್ನೆಗಿಂತ ಮುಂಚೆ ಬರುವ ಪ್ರಶ್ನೆ ಬೇರೆ ಇದೆ: ಒಂದು ನಕ್ಷೆಯನ್ನು ಕೈಗಿತ್ತರೆ ಅದರಿಂದ ಸಾಮಗ್ರಿಯ ಪ್ರಮಾಣ ತೆಗೆದು, ಸ್ಥಳದಲ್ಲಿ ಅದರಂತೆ ಕೆಲಸ ನಡೆದಿದೆಯೇ ಎಂದು ತಪಾಸಣೆ ಮಾಡಿ, ಆಗಿರುವುದನ್ನು ಬರೆದಿಡಲು ನಿಮಗೆ ಬರುತ್ತದೆಯೇ? ಉಳಿದಿರುವ ಐದು ಸೆಮಿಸ್ಟರ್‌ಗಳಲ್ಲಿ ಇಷ್ಟನ್ನು ಸಾಧಿಸಿಕೊಂಡರೆ ಮುಂದಿನ ಮೂರು ದಾರಿಗಳೂ ತೆರೆದಿರುತ್ತವೆ.

ವಿಷಯಗಳ ಮಾತಿಗೆ ಬರೋಣ. ಎಲ್ಲ ವಿಷಯಗಳಲ್ಲೂ ಪಾಸಾಗಬೇಕು, ಅದು ಸರಿ. ಆದರೆ ಮೂರನ್ನು ಮಾತ್ರ ಪರೀಕ್ಷೆಗಾಗಿ ಅಲ್ಲದೆ ಜೀವನಕ್ಕಾಗಿ ಓದಿ ಎಂದು ನಾನು ಹೇಳುತ್ತೇನೆ. ಮೊದಲನೆಯದು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಅಂದರೆ ಸಾಮಗ್ರಿಗಳ ಬಲದ ವಿಷಯ. ಬೀಮನ್ನು ಕತ್ತರಿಸಲು ನೋಡುವ ಬಲ (ಶಿಯರ್ ಫೋರ್ಸ್), ಅದನ್ನು ಬಗ್ಗಿಸುವ ಪರಿಣಾಮ (ಬೆಂಡಿಂಗ್ ಮೊಮೆಂಟ್) ಇವುಗಳ ರೇಖಾಚಿತ್ರಗಳನ್ನು ಕೈಯಲ್ಲಿ ಬಿಡಿಸಲು ಬಾರದವರು ಮುಂದೆ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ವಿನ್ಯಾಸವನ್ನೂ ಸ್ಟೀಲ್ ವಿನ್ಯಾಸವನ್ನೂ ಬಾಯಿಪಾಠದ ಬಲದಿಂದಲೇ ದಾಟುತ್ತಾರೆ, ದಾಟಿದ ಮರುದಿನವೇ ಮರೆಯುತ್ತಾರೆ. ಎರಡನೆಯದು ಸಾಯಿಲ್ ಮೆಕ್ಯಾನಿಕ್ಸ್, ಅಂದರೆ ಮಣ್ಣಿನ ಬಲ ಮತ್ತು ಸ್ವಭಾವದ ವಿಷಯ. ಮೂರನೆಯದು ಎಸ್ಟಿಮೇಟಿಂಗ್, ಅಂದರೆ ಪ್ರಮಾಣ, ದರ ಮತ್ತು ಕರಾರಿನ ವಿಷಯ. ಈ ಕೊನೆಯದು ಹೆಚ್ಚಿನ ಕಡೆ ಕೋರ್ಸಿನ ಕೊನೆಗೆ ಬರುತ್ತದೆ; ಆ ಹೊತ್ತಿಗೆ ವಿದ್ಯಾರ್ಥಿಗಳ ಗಮನ ಪ್ರಾಜೆಕ್ಟ್, ಪ್ಲೇಸ್‌ಮೆಂಟ್ ಕಡೆ ಹೋಗಿರುವುದರಿಂದ ಅದನ್ನು ಸುಲಭದ ವಿಷಯವೆಂದು ಬದಿಗೊತ್ತುತ್ತಾರೆ. ಮೊದಲ ನೌಕರಿಯಲ್ಲಿ ದಿನವೂ ಬೇಕಾಗುವುದು ಅದೇ. ಕೊನೆಯ ವರ್ಷದವರೆಗೆ ಕಾಯದೆ ಈಗಲೇ ಆರಂಭಿಸಿ. ಅದಕ್ಕೆ ಬೇಕಾದ ಗಣಿತ ಹೈಸ್ಕೂಲಿನದು.

ಹೇಗೆ ಆರಂಭಿಸಬೇಕು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಒಳ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲದ ಒಂದು ಕೋಣೆ, ಸುತ್ತ 230 ಮಿ.ಮೀ. ಗೋಡೆ, ಮೇಲೆ 125 ಮಿ.ಮೀ. ದಪ್ಪದ ಸ್ಲ್ಯಾಬ್ ಎಂದುಕೊಳ್ಳಿ. ಗೋಡೆಯ ಹೊರ ಅಂಚಿನವರೆಗೆ ಹಿಡಿದರೆ ಸ್ಲ್ಯಾಬ್ 4.46 ಮೀ., 3.46 ಮೀ. ಆಗುತ್ತದೆ, ಕಾಂಕ್ರೀಟ್ ಸುಮಾರು 1.93 ಘನ ಮೀಟರ್. ನಕ್ಷೆಯಲ್ಲಿ ಅಗಲದ ದಿಕ್ಕಿಗೆ 10 ಮಿ.ಮೀ. ಕಂಬಿ 150 ಮಿ.ಮೀ. ಅಂತರದಲ್ಲಿ, ಉದ್ದದ ದಿಕ್ಕಿಗೆ 8 ಮಿ.ಮೀ. ಕಂಬಿ ಅದೇ ಅಂತರದಲ್ಲಿ ಎಂದು ಬರೆದಿದೆ. ಎರಡೂ ಬದಿ 20 ಮಿ.ಮೀ. ಕವರ್ (ಕಂಬಿಯ ಹೊರಗೆ ಬಿಡುವ ಕಾಂಕ್ರೀಟ್) ಕಳೆದರೆ 10 ಮಿ.ಮೀ. ಕಂಬಿಗಳು ತಲಾ 3.42 ಮೀಟರಿನ 31, 8 ಮಿ.ಮೀ. ಕಂಬಿಗಳು ತಲಾ 4.42 ಮೀಟರಿನ 24 ಬೇಕಾಗುತ್ತವೆ. ಕಂಬಿಯ ವ್ಯಾಸವನ್ನು ಮಿ.ಮೀ.ನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂಬುದು ಸಿಗುತ್ತದೆ: 10 ಮಿ.ಮೀ.ಗೆ 0.617, 8 ಮಿ.ಮೀ.ಗೆ 0.395. ಆಗ ಮೊದಲನೆಯದು ಸುಮಾರು 65 ಕೆ.ಜಿ., ಎರಡನೆಯದು ಸುಮಾರು 42 ಕೆ.ಜಿ.; ಆಧಾರಗಳ ಬಳಿ ಮೇಲ್ಭಾಗದಲ್ಲಿ ಕಟ್ಟುವ ಹೆಚ್ಚುವರಿ ಕಂಬಿ, ಕತ್ತರಿಸುವಾಗ ಉಳಿಯುವ ತುಂಡುಗಳು ಇದರ ಮೇಲೆ. ಈ ಲೆಕ್ಕ ದೊಡ್ಡದೇನಲ್ಲ. ಆದರೆ ನಿಮ್ಮ ತಂದೆಯವರು ಕೆಲಸ ಮಾಡುತ್ತಿರುವ ಮನೆಯ ನಕ್ಷೆಯನ್ನು ಮಾಲೀಕರ ಒಪ್ಪಿಗೆ ಪಡೆದು ನಕಲು ಮಾಡಿಕೊಂಡು, ಪಾಯದಿಂದ ಸ್ಲ್ಯಾಬಿನವರೆಗೆ ಇದೇ ರೀತಿ ಲೆಕ್ಕ ತೆಗೆದು, ನಂತರ ನಿಜವಾಗಿ ಎಷ್ಟು ಕಂಬಿ, ಎಷ್ಟು ಮೂಟೆ ಸಿಮೆಂಟ್ ಖರ್ಚಾಯಿತು ಎಂದು ಹೋಲಿಸಿದರೆ, ವ್ಯತ್ಯಾಸ ಎಲ್ಲಿ ಬಂತೆಂದು ಹುಡುಕುವುದರಲ್ಲಿ ನೀವು ಕಲಿಯುವಷ್ಟನ್ನು ಒಂದು ಸೆಮಿಸ್ಟರಿನ ತರಗತಿಗಳು ಕಲಿಸಲಾರವು.

ಗೌಂಡಿಯ ಮಗನಾಗಿರುವುದು ಈ ಓದಿನಲ್ಲಿ ನಿಮಗಿರುವ ದೊಡ್ಡ ಅನುಕೂಲ. ಅದನ್ನು ಸಂಕೋಚದಿಂದ ಮುಚ್ಚಿಡಬೇಡಿ. ಕಾಂಕ್ರೀಟ್ ಹಾಕುವ ದಿನ ಮಿಕ್ಸರ್ ಬಳಿ ನಿಂತು ನೋಡಿ. ಕಾಂಕ್ರೀಟ್ ಕೆಲಸದ ಭಾರತೀಯ ನಿಯಮಾವಳಿಯಾದ ಐಎಸ್ 456:2000 ಸಂಹಿತೆಯ ಪ್ರಕಾರ ಸೌಮ್ಯ (ಮೈಲ್ಡ್) ವಾತಾವರಣದಲ್ಲಿ ಆರ್‌ಸಿಸಿಗೆ ನೀರು–ಸಿಮೆಂಟ್ ಅನುಪಾತ 0.55 ಮೀರಬಾರದು, ಅಂದರೆ 50 ಕೆ.ಜಿ.ಯ ಒಂದು ಮೂಟೆಗೆ ಹೆಚ್ಚೆಂದರೆ 27.5 ಲೀಟರ್ ನೀರು, ಅದರಲ್ಲೂ ಹಸಿ ಮರಳಿನಲ್ಲಿ ಆಗಲೇ ಇರುವ ನೀರನ್ನು ಕಳೆಯಬೇಕು. ಹರಡಲು ಸುಲಭವಾಗಲೆಂದು ಬಕೆಟ್ಟಿನಿಂದ ಇನ್ನಷ್ಟು ನೀರು ಸುರಿಯುವುದು ಎಷ್ಟು ಸಾಮಾನ್ಯ ಎಂಬುದು ನಿಮಗೇ ಗೊತ್ತು. ಹಾಗೆ ಸುರಿದ ನೀರು ಎಷ್ಟು ಬಲ ಕಳೆಯಿತು ಎಂಬುದನ್ನು ಅದೇ ಕಾಂಕ್ರೀಟಿನಿಂದ ಪರೀಕ್ಷೆಗೆಂದು ಎರೆದ 150 ಮಿ.ಮೀ.ನ ಕ್ಯೂಬ್‌ಗಳು 28 ದಿನಗಳ ನಂತರ ಹೇಳುತ್ತವೆ. ಎಂ20 ಕಾಂಕ್ರೀಟಿನ ಒಂದು ಕ್ಯೂಬ್ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ತಡೆಯಬೇಕಾದರೆ ಯಂತ್ರದ ಮುಳ್ಳು 450 ಕಿಲೋನ್ಯೂಟನ್ ಮುಟ್ಟಬೇಕು. ಮೇಲಿನ ಉದಾಹರಣೆಯ ಸ್ಲ್ಯಾಬಿನಷ್ಟು ಸಣ್ಣ ಕೆಲಸಕ್ಕೂ ಒಂದು ಮಾದರಿ, ಅಂದರೆ ಮೂರು ಕ್ಯೂಬ್ ತೆಗೆಯಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಹಳ್ಳಿಯ ಮನೆಗಳಲ್ಲಿ ಯಾರೂ ತೆಗೆಯುವುದಿಲ್ಲ. ನೀವು ತೆಗೆದು ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಅಧ್ಯಾಪಕರ ಅನುಮತಿ ಕೇಳಿ. ಸೆಂಟ್ರಿಂಗ್ ಬಿಚ್ಚುವ ವಿಚಾರವೂ ಹೀಗೆಯೇ: 4.5 ಮೀಟರಿನೊಳಗಿನ ಸ್ಲ್ಯಾಬಿಗೆ ಆಸರೆ ಕಂಬಗಳನ್ನು 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ, 6 ಮೀಟರ್ ಮೀರಿದ ಬೀಮಿಗೆ 21 ದಿನ ಬಿಡಬೇಕು ಎಂಬ ನಿಯಮವು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳಿದ್ದು. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆಸಿದ ಪಿಪಿಸಿ. ಅದು ನಿಧಾನವಾಗಿ ಬಲ ಪಡೆಯುವುದರಿಂದ ಇನ್ನೂ ತಾಳ್ಮೆ ಬೇಕು. ತಂದೆಯವರಿಗೆ ಅನುಭವದಿಂದ ತಿಳಿದಿರುವುದು, ನಿಮಗೆ ಸಂಹಿತೆಯಿಂದ ತಿಳಿಯುವುದು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಅವರೊಡನೆ ಕೂತು ಚರ್ಚಿಸಿ. ಕೆಲವು ಕಡೆ ಅವರೇ ಸರಿಯಾಗಿರುತ್ತಾರೆ, ಮುಖ್ಯವಾಗಿ ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಮತ್ತು ಗೋಡೆಯ ಕಟ್ಟಡದ ವಿಷಯದಲ್ಲಿ.

ಮಣ್ಣಿನ ವಿಷಯವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಮ್ಮ ಭಾಗದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆಳವಿಲ್ಲದ ಪಾಯದ ಮೇಲೆ ನಿಂತ ಮನೆಗಳ ಗೋಡೆ ಓರೆಯಾಗಿ ಸೀಳುವುದು ಅದರಿಂದಲೇ. ಗರಸು ತುಂಬಿಸುವುದರಿಂದ ಹಿಡಿದು, ತಳದಲ್ಲಿ ಉಬ್ಬು ಬಿಟ್ಟು ಹಾಕುವ ಅಂಡರ್‌ರೀಮ್ಡ್ ಪೈಲ್‌ವರೆಗೆ ಇದಕ್ಕೆ ಪರಿಹಾರಗಳಿವೆ. ಕರಾವಳಿಗೆ ಹೋದರೆ ಕೆಂಪು ಮುರಕಲ್ಲಿನ ಗುಡ್ಡಗಳು, ಅವುಗಳದು ಬೇರೆಯೇ ಸ್ವಭಾವ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜನರು ಸತ್ತಾಗ, ಇಳಿಜಾರನ್ನು ಕಡಿಯುವ ಮತ್ತು ನೀರು ಹರಿದುಹೋಗಲು ದಾರಿ ಮಾಡುವ ಪ್ರಶ್ನೆಗಳು ಮತ್ತೆ ಎದ್ದವು. ತರಗತಿಯಲ್ಲಿ ಸ್ಲೋಪ್ ಸ್ಟೆಬಿಲಿಟಿ (ಇಳಿಜಾರಿನ ಭದ್ರತೆ) ಎಂಬ ಅಧ್ಯಾಯವನ್ನು ಎಷ್ಟು ಅಂಕಕ್ಕೆ ಬರುತ್ತದೆ ಎಂದು ಅಳೆಯುವವರು ಆ ದಿನದ ಪತ್ರಿಕೆಗಳನ್ನು ತೆಗೆದು ಓದಬೇಕು. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ನದಿಗೆ ಬಿಟ್ಟು, ಆ ಜಾಗಕ್ಕೆ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಹಲಗೆ) ಇಳಿಸಬೇಕಾಯಿತು. ಮುಂದಿನ ದಶಕಗಳಲ್ಲಿ ನಮ್ಮ ರಾಜ್ಯದಲ್ಲಿ ಹೊಸದನ್ನು ಕಟ್ಟುವಷ್ಟೇ ಕೆಲಸ ಹಳೆಯದನ್ನು ಪರೀಕ್ಷಿಸಿ ಉಳಿಸಿಕೊಳ್ಳುವುದರಲ್ಲಿಯೂ ಇದೆ ಎಂಬುದು ನನ್ನ ಅಭಿಪ್ರಾಯ. ಅಣೆಕಟ್ಟು ಸುರಕ್ಷತಾ ಕಾಯ್ದೆಯೇ 2021ರಲ್ಲಿ ಬಂದಿದೆ; ಸೇತುವೆ, ನಾಲೆ, ನೀರಿನ ಟ್ಯಾಂಕ್‌ಗಳ ತಪಾಸಣೆಗೆ ತಿಳಿದವರು ಬೇಕೇ ಬೇಕು. ಎಲ್ಲರೂ ಸ್ಟ್ರಕ್ಚರಲ್ ಎಂದು ಒಂದೇ ಕಡೆ ನುಗ್ಗುವಾಗ ಮಣ್ಣು, ನೀರು, ರಸ್ತೆ ಈ ಮೂರರ ಕಡೆಗೂ ನೋಡಿ. ನಿಮ್ಮ ಜಿಲ್ಲೆಯಲ್ಲೇ ತುಂಗಾ ಮೇಲ್ದಂಡೆ ಯೋಜನೆಯ ನಾಲೆ ಇದೆ, ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ಭಾಷಣ ಕೇಳುವ ಬದಲು ಆ ನಾಲೆಗೆ ನೀರು ಹರಿಸುವ ಗಾಜನೂರಿನ ಅಣೆಕಟ್ಟಿಗೆ ಹೋಗಿ ಬರುವುದನ್ನು ನಿಮ್ಮ ವಿಭಾಗದಲ್ಲಿ ರೂಢಿ ಮಾಡಿದರೆ ಅವರಿಗೂ ಒಪ್ಪಿಗೆಯಾಗುತ್ತಿತ್ತೇನೋ.

ಸಾಫ್ಟ್‌ವೇರ್ ಕೋರ್ಸ್‌ಗಳ ಬಗ್ಗೆ ಸೀನಿಯರ್‌ಗಳ ಮಾತು ಅರ್ಧ ಸರಿ. ಆಟೋಕ್ಯಾಡ್ ಮತ್ತು ಎಕ್ಸೆಲ್ ಈ ವರ್ಷವೇ ಕಲಿಯಿರಿ. ಕಂಬಿಯ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸೂತ್ರ ಹಾಕಿ ಮಾಡಿ ತೋರಿಸುವ ವಿದ್ಯಾರ್ಥಿಯನ್ನು ಸಂದರ್ಶನದಲ್ಲಿ ಯಾರೂ ಕಡೆಗಣಿಸುವುದಿಲ್ಲ. ಕಟ್ಟಡದ ಬಲವನ್ನು ಲೆಕ್ಕ ಹಾಕುವ ಸ್ಟಾಡ್ ಪ್ರೊ, ಈಟ್ಯಾಬ್ಸ್ ತಂತ್ರಾಂಶಗಳು ಮಾತ್ರ ಸ್ಟ್ರಕ್ಚರಲ್ ಅನಾಲಿಸಿಸ್ ಓದಿದ ನಂತರ ಸಾಕು. 6 ಮೀಟರ್ ಉದ್ದದ, ಎರಡೂ ತುದಿಯಲ್ಲಿ ಸರಳವಾಗಿ ಕುಳಿತ ಬೀಮಿನ ಮೇಲೆ ಮೀಟರಿಗೆ 20 ಕಿಲೋನ್ಯೂಟನ್ ಭಾರವಿದ್ದರೆ ನಡುವಿನ ಬೆಂಡಿಂಗ್ ಮೊಮೆಂಟ್ 90 ಕಿಲೋನ್ಯೂಟನ್ ಮೀಟರ್ ಎಂದು ಕಾಗದದ ಅಂಚಿನಲ್ಲಿ ಲೆಕ್ಕ ಹಾಕಬಲ್ಲವನಿಗೆ, ಪರದೆಯ ಮೇಲೆ 9 ಅಥವಾ 900 ಬಂದಾಗ ಎಲ್ಲೋ ಎಡವಿದ್ದೇವೆ ಎಂದು ಕೂಡಲೇ ಹೊಳೆಯುತ್ತದೆ. ಹಾಗೆ ಹೊಳೆಯದವರ ಕೈಯಲ್ಲಿ ಆ ತಂತ್ರಾಂಶ ಅಪಾಯಕಾರಿ. ಹತ್ತು ತಂತ್ರಾಂಶಗಳ ಹೆಸರಿಟ್ಟು ಒಂದೇ ಕಂತಿನಲ್ಲಿ ದೊಡ್ಡ ಶುಲ್ಕ ಕೇಳುವ ಸಂಸ್ಥೆಗಳಿಂದ ದೂರವಿರಿ. ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತವಾಗಿವೆ, ನಕ್ಷಾಶಾಸ್ತ್ರಕ್ಕೆ ಕ್ಯೂಜಿಐಎಸ್ ಉಚಿತವಾಗಿದೆ.

ಕನ್ನಡ ಮಾಧ್ಯಮದ ಬಗ್ಗೆ ನೀವು ಕೇಳಿಲ್ಲವಾದರೂ ಆ ಸಾಲಿನಲ್ಲಿ ಅಳುಕು ಕಾಣುತ್ತದೆ. ಈ ವೃತ್ತಿಯಲ್ಲಿ ಬೇಕಾಗುವ ಇಂಗ್ಲಿಷ್ ಸೀಮಿತವಾದದ್ದು: ನಕ್ಷೆಯ ಟಿಪ್ಪಣಿ, ಸಂಹಿತೆಯ ಕಲಮು, ದಿನದ ವರದಿ, ಪತ್ರ. ಭಾರತೀಯ ಮಾನಕ ಬ್ಯೂರೋದ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಭಾರತೀಯ ಸಂಹಿತೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಐಎಸ್ 456, ಮಿಶ್ರಣ ವಿನ್ಯಾಸದ ಐಎಸ್ 10262, ಅಳತೆ ಹಿಡಿಯುವ ಕ್ರಮದ ಐಎಸ್ 1200 ಇವುಗಳಿಂದ ದಿನಕ್ಕೊಂದು ಕಲಮು ಓದಿ, ಅದು ಹೇಳುವುದನ್ನು ಕನ್ನಡದಲ್ಲಿ ನಿಮ್ಮ ಮಾತಿನಲ್ಲಿ ಬರೆದು, ನಂತರ ಪುಸ್ತಕ ಮುಚ್ಚಿ ಎರಡು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಅರ್ಥವಾಗದೆ ಬಾಯಿಪಾಠ ಮಾಡುವ ಇಂಗ್ಲಿಷ್ ಮಾಧ್ಯಮದವರಿಗಿಂತ ಮುಂದೆ ಹೋಗುತ್ತೀರಿ. ಒಂದು ಕಿವಿಮಾತು: ಬೆಂಗಳೂರಿನ ದೊಡ್ಡ ಕಾಮಗಾರಿಗಳಲ್ಲಿ ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು ಅನೇಕರು ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದವರು, ಕೆಲಸದಷ್ಟು ಹಿಂದಿ ಮಾತನಾಡಲು ಬಂದರೆ ನಿಮ್ಮ ಸೂಚನೆ ಮೇಸ್ತ್ರಿಯ ಬಾಯಲ್ಲಿ ಬದಲಾಗದೆ ಅವರಿಗೆ ತಲುಪುತ್ತದೆ.

ಇಂಟರ್ನ್‌ಶಿಪ್ ಎಂದರೆ ಪ್ರಮಾಣಪತ್ರ ಕೊಳ್ಳುವುದು ಎಂಬ ಕೆಟ್ಟ ರೂಢಿ ಬೆಳೆದಿದೆ. ಹಣ ಕೊಟ್ಟು ಪತ್ರ ತರುವ ಬದಲು ರಜೆಯಲ್ಲಿ ಯಾವುದಾದರೂ ಒಂದು ಕೆಲಸವನ್ನು ಆರಂಭದಿಂದ ಒಂದು ಹಂತದವರೆಗೆ ಅನುಸರಿಸಿ. ಹತ್ತು ಕಾಮಗಾರಿಗಳಲ್ಲಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಒಂದೇ ಕಟ್ಟಡದ ಪಾಯ ಗುರುತು ಹಾಕುವುದು, ಅಗೆತ, ಬೆಡ್ ಕಾಂಕ್ರೀಟ್, ಫುಟಿಂಗ್, ಕಾಲಂ ಸ್ಟಾರ್ಟರ್ (ಕಂಬದ ಬುಡದ ಮೊದಲ ತುಂಡು) ಇಷ್ಟನ್ನು ನೋಡಿದ್ದರೆ ಸಾಕು. ಕಾಲಂ ನಕ್ಷೆಯ ಗೆರೆಯಿಂದ ಎಷ್ಟು ಸರಿದಿದೆ, ಕವರ್ ಬ್ಲಾಕ್ ಇಟ್ಟಿದ್ದಾರೆಯೇ, ಕಂಬಿಗಳನ್ನು ಸುತ್ತುವ ರಿಂಗ್‌ಗಳ ಅಂತರ ಎಷ್ಟಿದೆ, ಕೊಕ್ಕೆಯನ್ನು 135 ಡಿಗ್ರಿಗೆ ಬಾಗಿಸಿದ್ದಾರೆಯೇ ಅಥವಾ 90ಕ್ಕೆ ಬಿಟ್ಟಿದ್ದಾರೆಯೇ ಎಂದು ಪ್ರತಿದಿನ ನೋಟ್‌ಬುಕ್ಕಿನಲ್ಲಿ ಬರೆಯಿರಿ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದದ್ದು ನಿಮಗೆ ನೆನಪಿರಬೇಕು. ಎಂಜಿನಿಯರ್ ಎನಿಸಿಕೊಂಡವರು ಕಾಂಕ್ರೀಟ್ ನಿಲ್ಲಿಸಿ ಎಂದು ಹೇಳಬೇಕಾದ ದಿನಗಳು ಬರುತ್ತವೆ, ಆಗ ನಿಮ್ಮ ಬೆನ್ನಿಗೆ ನಿಲ್ಲುವುದು ಹೀಗೆ ಬರೆದಿಟ್ಟ ಅಳತೆ ಮತ್ತು ದಿನಾಂಕಗಳೇ.

ಈಗ ಸರ್ಕಾರಿ ಪರೀಕ್ಷೆಗಳು. ಲೋಕೋಪಯೋಗಿ, ಜಲಸಂಪನ್ಮೂಲ, ಸಣ್ಣ ನೀರಾವರಿ, ಪಂಚಾಯತ್ ರಾಜ್ ಮುಂತಾದ ಇಲಾಖೆಗಳ ಸಹಾಯಕ ಎಂಜಿನಿಯರ್ ಹುದ್ದೆಗೆ ಬಿ.ಇ., ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಕೇಳುತ್ತಾರೆ. ಕೇಂದ್ರದಲ್ಲಿ ಸಿಬ್ಬಂದಿ ನೇಮಕಾತಿ ಆಯೋಗದ (ಎಸ್‌ಎಸ್‌ಸಿ) ಜೆಇ (ಕಿರಿಯ ಎಂಜಿನಿಯರ್), ರೈಲ್ವೆಯ ಜೆಇ, ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವೆಗಳಿವೆ. ಕೊನೆಯದು ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ ಸೇರಿ 1300 ಅಂಕಗಳ ಕಠಿಣ ಪರೀಕ್ಷೆ. ಇವೆಲ್ಲಕ್ಕೂ ತಾಂತ್ರಿಕ ಭಾಗದ ಬುನಾದಿ ಒಂದೇ, ಆದ್ದರಿಂದ ಮೂರನೇ ವರ್ಷದಿಂದ ಗೇಟ್ (ಎಂ.ಟೆಕ್. ಪ್ರವೇಶಕ್ಕೆ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಪಠ್ಯಕ್ರಮವನ್ನು ಹಿಡಿದು ಓದಿದರೆ ಯಾವುದೂ ವ್ಯರ್ಥವಾಗುವುದಿಲ್ಲ. ಮೂರನೇ ವರ್ಷದಲ್ಲಿರುವಾಗಲೇ ಗೇಟ್ ಬರೆಯಲು ಅವಕಾಶವಿದೆ, ಅಂಕ ಮೂರು ವರ್ಷ ಊರ್ಜಿತ. ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಅಭ್ಯರ್ಥಿಗಳಿಗೆ ಮೀಸಲಾತಿ ಇದೆ. ಅದಕ್ಕೆ ಬೇಕಾದ ಶಾಲೆಯ ಪ್ರಮಾಣಪತ್ರಗಳನ್ನು ಅಧಿಸೂಚನೆ ಬಂದ ಮೇಲೆ ಓಡಾಡಿ ತರುವ ಬದಲು ನಿಗದಿತ ನಮೂನೆ ನೋಡಿಕೊಂಡು ಮೊದಲೇ ಸಿದ್ಧಪಡಿಸಿ. ಆದರೆ ರಾಜ್ಯದ ಅಧಿಸೂಚನೆ ಹೊರಬಿದ್ದ ಮೇಲೂ ಆಯ್ಕೆ ಪಟ್ಟಿ, ಆಕ್ಷೇಪಣೆ, ಮೊಕದ್ದಮೆ ಎಂದು ವರ್ಷಗಳು ಕಳೆಯುವುದುಂಟು. ಪದವಿಯ ನಂತರ ಕೆಲಸ ಬಿಟ್ಟು ಧಾರವಾಡದಲ್ಲೋ ಬೆಂಗಳೂರಿನಲ್ಲೋ ಕೋಣೆ ಮಾಡಿಕೊಂಡು ಅಧಿಸೂಚನೆಗಾಗಿ ಕಾಯುವುದನ್ನು, ಮನೆಯ ಪರಿಸ್ಥಿತಿಯನ್ನು ನೀವು ಬರೆದಂತೆ ಇಟ್ಟುಕೊಂಡು ಹೇಳುವುದಾದರೆ, ನಾನು ಸೂಚಿಸಲಾರೆ. ಕೆಲಸದಲ್ಲಿದ್ದುಕೊಂಡೇ ದಿನಕ್ಕೆರಡು ಗಂಟೆ ಓದುವುದು ಕಷ್ಟ, ಆದರೆ ಕಾಮಗಾರಿಯ ಅನುಭವವಿರುವವರಿಗೆ ಎಸ್ಟಿಮೇಟ್, ಕಟ್ಟಡ ಸಾಮಗ್ರಿ, ಸರ್ವೇ ಪ್ರಶ್ನೆಗಳು ಬೇಗ ಬಿಡಿಸಲು ಬರುತ್ತವೆ.

ಎಂ.ಟೆಕ್. ವಿಷಯದಲ್ಲಿ ನನ್ನ ನಿಲುವು ಚುಟುಕಾಗಿದೆ. ಗೇಟ್ ಮೂಲಕ ಐಐಎಸ್ಸಿ, ಐಐಟಿ ಅಥವಾ ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಡೆ ಸೀಟು ಸಿಕ್ಕರೆ, ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನವೂ ಸಿಗುವುದರಿಂದ, ಖಂಡಿತ ಹೋಗಿ. ಬಿ.ಇ. ಮುಗಿಯಿತು, ಕೆಲಸ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಎಲ್ಲೋ ಸೇರುವುದು ಬೇಡ. ಎರಡು ವರ್ಷ ದುಡಿದ ಮೇಲೆ ಯಾವ ವಿಷಯ ನಿಮ್ಮನ್ನು ಎಳೆಯುತ್ತದೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಖಾಸಗಿಯಲ್ಲಿ ಮೊದಲ ಕೆಲಸವನ್ನು ಸಂಬಳದಿಂದ ಮಾತ್ರ ಅಳೆಯಬೇಡಿ, ಹಾಗೆಂದು ಅನುಭವದ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವವರಿಗೂ ಸಿಕ್ಕಬೇಡಿ. ಸಂದರ್ಶನದಲ್ಲಿ ಕೇಳಬೇಕಾದದ್ದನ್ನು ಕೇಳಿ: ಯಾವ ಕಾಮಗಾರಿ, ಅದು ಯಾವ ಹಂತದಲ್ಲಿದೆ, ನನ್ನ ಮೇಲೆ ಅನುಭವಿ ಎಂಜಿನಿಯರ್ ಸ್ಥಳದಲ್ಲಿ ಇರುತ್ತಾರೆಯೇ, ನಾನು ನೋಡುವುದು ಗುಣಮಟ್ಟವೋ ಬಿಲ್ಲಿಂಗೋ ಕಾಮಗಾರಿಯೋ, ವಸತಿ ಕೊಡುತ್ತಾರೆಯೇ, ಭವಿಷ್ಯ ನಿಧಿ ಕಡಿತವಾಗುತ್ತದೆಯೇ. ಒಂದೇ ಕೆಲಸದಲ್ಲಿ ಮೂರು ವರ್ಷ ಬರೀ ಹಾಜರಿ ಪುಸ್ತಕ ನೋಡಿಕೊಂಡಿರಬೇಕಾದ ಜಾಗಕ್ಕಿಂತ, ಎರಡು ಸಾವಿರ ಕಡಿಮೆ ಕೊಟ್ಟರೂ ಅಳತೆ ಪುಸ್ತಕ ಬರೆಸಿ ಬಿಲ್ ಮಾಡಿಸುವ ಜಾಗ ಮೇಲು. ಗಲ್ಫ್ ದೇಶಗಳ ಕಂಪನಿಗಳು ಮುಂದೆ ಕೇಳುವುದೂ ಇಂಥ ಅನುಭವವನ್ನೇ. ನೇಮಕಾತಿ ಪತ್ರವನ್ನು ಲಿಖಿತವಾಗಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ನಮ್ಮಲ್ಲಿ ಇಟ್ಟು ಹೋಗಿ ಎನ್ನುವವರಿಗೆ ನಕಲು ಪ್ರತಿಗಳನ್ನು ಮಾತ್ರ ಕೊಡಿ, ಒಪ್ಪದಿದ್ದರೆ ಆ ಕೆಲಸವನ್ನು ಬಿಟ್ಟುಬಿಡಿ.